ತನಗೆ ತಾನೇ ಕಳಿಸಿದ ಮಾತು

ಹನಮೇಶ ಬಾಯಿ ತೆರೆದಿರಲಿಲ್ಲ. ತೆರೆಯುವಂತೆಯೂ ಇರಲಿಲ್ಲ, ಬಾಯಿ ತುಂಬ ರೊಟ್ಟಿ ಇತ್ತು. ಆದರೂ ಅವನದೇ ದನಿ ಆಫೀಸಿನ ಕಿಟಕಿಯಿಂದ ಹೊರಗೆ ಬಂತು, ಶೆಡ್ಡಿನಲ್ಲಿ ಒಟ್ಟಿದ್ದ ಶೆಟರಿನ ತಗಡಿನ ಪಟ್ಟಿಗಳ ಮೇಲೆ ಹಾದು ಅವನ ಕಿವಿಗೇ ಬಿತ್ತು. “ಅಯ್ಯಾರ, ನಿಮಗ ಒಂದ ಮಾತ ಹೇಳೂದೈತ್ರಿ.” ಊಟದ ಹೊತ್ತು, ಕೊರೆಯುವ ಮಶೀನು ನಿಂತಿತ್ತು. ಗೋಕುಲ ರಸ್ತೆಯ ಅಕ್ಕಪಕ್ಕದ ಶೆಡ್ಡುಗಳೂ ಸುಮ್ಮನಿದ್ದವು. ಮಶೀನು ನಡೆದಿದ್ದರೆ ಕೇಳುತ್ತಲೇ ಇರಲಿಲ್ಲ, ಹಾಗೆ ಎಷ್ಟು ದಿನ ಕೇಳದೆ ಹೋಗಿದೆಯೋ ಎಂಬ ಯೋಚನೆ ಬಂದು ಅವನ ಕತ್ತಿನ ಹಿಂದೆ ಬೆವರೊಡೆಯಿತು. ದನಿಯ ಹಿಂದೆ ಬೆಳ್ಳಕ್ಕಿಗಳ ಗಲಾಟೆ ಇತ್ತು. ಯಾರೋ ಬಟ್ಟೆ ಒಗೆಯುವ ಸದ್ದಿತ್ತು. ಅದು ಉಣಕಲ್ ಕೆರೆಯ ಮೆಟ್ಟಿಲ ಮೇಲೆ ಹೇಳಿದ್ದು. ಮುಂದಿನ ಮಾತು ಏನೆಂಬುದು ಜಗತ್ತಿನಲ್ಲಿ ಅವನೊಬ್ಬನಿಗೇ ಗೊತ್ತಿರಬೇಕಾಗಿತ್ತು. “ಸಿಟ್ಟಾಗಬ್ಯಾಡ್ರಿ” ಎಂದು ಅದು ಬಂದೇ ಬಂತು, ಅವನು ತಿದ್ದಿ ತಿದ್ದಿ ಮೆತ್ತಗೆ ಮಾಡಿದ್ದ ಅದೇ ದನಿಯಲ್ಲಿ. ಥೂ, ಎಷ್ಟು ದೀನ ಇದೆ ಇದು ಅಂದುಕೊಂಡ. ಬೇರೆಯವರ ಕಿಟಕಿಯಿಂದ ಕೇಳಿದಾಗ ತನ್ನ ದನಿ ಭಿಕ್ಷೆ ಬೇಡುವವನ ದನಿಯಂತೆ ಕೇಳುತ್ತದೆ ಎಂಬುದು ಅವನಿಗೆ ಈ ಮೊದಲು ಗೊತ್ತಿರಲಿಲ್ಲ.

ಮಾತು ಸತ್ತಿದೆ ಎಂದೇ ಅವನು ತಿಳಿದಿದ್ದ. ಫೋನು ಸತ್ತ ಮೇಲೆ ಅದರೊಳಗಿನ ಮಾತು ಎಲ್ಲಿ ಬದುಕಿರುತ್ತದೆ? ಮೊನ್ನೆ ಸಂಜೆ ಅದೇ ಮೆಟ್ಟಿಲ ಮೇಲೆ ಕೂತು, ಇನ್ನು ಸಾಕು, ಇವತ್ತು ಹೇಳಿಯೇ ಬಿಡುವುದು ಎಂದು ಶೆಡ್ಡಿನ ಮಾಲಕ ಗುರುಸಿದ್ದಯ್ಯನಿಗೆ ಫೋನು ಹಚ್ಚಿದ್ದ. ಆ ಕಡೆಯಿಂದ “ಏನಲೇ?” ಎಂಬ ಒಂದೇ ಶಬ್ದ ಬಂತು. ಈ ಕಡೆ ಹನಮೇಶನ ನಾಲಗೆ ತಾನಾಗಿಯೇ, “ಏನಿಲ್ರಿ ಅಯ್ಯಾರ, ನಾಳೆ ಲಗೂ ಬರಲ್ಯಾ ಅಂತ ಕೇಳಾಕ ಹಚ್ಚಿದ್ದೆ” ಎಂದಿತು. “ಬಾ” ಎಂದು ಅಯ್ಯ ಇಟ್ಟುಬಿಟ್ಟ. ಯಾರ ಮೇಲೆ ಸಿಟ್ಟು ಎಂದು ನಿರ್ಧರಿಸುವುದರೊಳಗೆ ಕೈ ಫೋನನ್ನು ಕಲ್ಲಿಗೆ ಅಪ್ಪಳಿಸಿಯಾಗಿತ್ತು. ಮರುದಿನ ಹೇಳಿದ ಮಾತಿಗೆ ತಪ್ಪಬಾರದೆಂದು ಎಲ್ಲರಿಗಿಂತ ಮೊದಲು ಬಂದು ಬೀಗ ಹಾಕಿದ ಗೇಟಿನ ಮುಂದೆ ನಿಂತಿದ್ದ, ಅದೇ ಮಹಾ ಸಿಟ್ಟಿನ ಮನುಷ್ಯ. ಈಗ ನೆನಪಾಯಿತು. ಮಳೆಗಾಲಕ್ಕೆ ಮುಂಚೆ ಒಂದು ಗ್ರಿಲ್ಲಿನ ನಮೂನೆ ಅವನ ಫೋನಿಗೆ ಬಂದಿತ್ತು, ಅದನ್ನು ದೊಡ್ಡದಾಗಿ ಪ್ರಿಂಟ್ ತೆಗೆಯಬೇಕಿತ್ತು. ಲೆಕ್ಕ ಬರೆಯಲು ಬೆಳಿಗ್ಗೆ ಬಂದು ಹೋಗುವ ರಾಜೇಶ್ವರಿ ಅಕ್ಕ ಆಫೀಸಿನ ಕಂಪ್ಯೂಟರಿನ ಪರದೆ ತೋರಿಸಿ, “ಈ ಚೌಕಕ್ಕ ಫೋನ್ ಹಿಡಿ ತಮ್ಮಾ, ನಿಂದೆಲ್ಲಾ ಇದರಾಗ ಬರತೈತಿ” ಎಂದಿದ್ದಳು. ಬಂತು. ಪ್ರಿಂಟೂ ಬಂತು. ಕೆಲಸ ಮುಗಿದ ಮೇಲೆ ಹನಮೇಶ ಪರದೆಯ ಕೆಳಗಿನ ಗುಂಡಿ ಒತ್ತಿದ, ಪರದೆ ಕಪ್ಪಾಯಿತು. ಕಪ್ಪಾದದ್ದು ಮುಗಿದದ್ದು ಎಂದು ಎದ್ದು ಬಂದ. ಮನೆಯಲ್ಲಿ ಟೀವಿ ಹಾಗೇ ತಾನೇ ಮುಗಿಯುವುದು. ಅಂದಿನಿಂದ ಇಂದಿನವರೆಗೆ ಅವನ ಮೆಸೇಜಿನ ಖಾತೆ ಆ ಡಬ್ಬಿಯಲ್ಲಿ ಬಾಗಿಲು ತೆರೆದ ಮನೆಯಂತೆ ಬಿದ್ದುಕೊಂಡಿದೆ. ಅವನು ತನಗೆ ತಾನೇ ಕಳಿಸಿಕೊಂಡದ್ದೆಲ್ಲ ಅಲ್ಲಿಗೂ ಹೋಗಿ ಕೂತಿದೆ.

ತನಗೆ ತಾನೇ. ಇದನ್ನು ಯಾರಿಗಾದರೂ ಹೇಳಿದರೆ ಬಿದ್ದು ನಗುತ್ತಾರೆ. ಬೇರೆ ಹುಡುಗರು ಹುಡುಗಿಯರಿಗೆ ಕಳಿಸುತ್ತಾರೆ, ದೋಸ್ತರಿಗೆ ಕಳಿಸುತ್ತಾರೆ, ಇವನು ತನ್ನ ನಂಬರಿಗೇ ದನಿ ಕಳಿಸಿಕೊಂಡು, ಕೇಳಿ, ಅಲ್ಲಿ ಜೋರಾಯಿತು ಇಲ್ಲಿ ತೊದಲಿತು ಎಂದು ತಿದ್ದಿಕೊಳ್ಳುತ್ತಿದ್ದ. ಬರೆದು ತಿದ್ದೋಣವೆಂದರೆ ಬರಹಕ್ಕೂ ಅವನಿಗೂ ಒಂಬತ್ತನೇ ಇಯತ್ತೆಯಲ್ಲೇ ಜಗಳವಾಗಿ ಮಾತು ಬಿಟ್ಟಿತ್ತು. ಆದರೆ ಹೇಳಬೇಕಾದ ಮಾತು ಇಷ್ಟೇ ಇಷ್ಟು. ಧಾರವಾಡದ ಮಾಳಮಡ್ಡಿಯಲ್ಲಿ ದಾಕ್ಷಾಯಿಣಿ ಟೀಚರ್ ಎಂಬುವರ ಮನೆಗೆ ಶೆಟರ್ ಕೂಡಿಸಲು ಹೋಗಿದ್ದರು. ಅಳತೆ ಹಿಡಿದವನು ಗುರುಸಿದ್ದಯ್ಯ. ಹನಮೇಶ ಟೇಪಿನ ಇನ್ನೊಂದು ತುದಿ ಹಿಡಿದು ನಿಂತಿದ್ದ, ಅಷ್ಟೇ. ಶೆಟರ್ ಕೂಡಿಸಿ ಎಳೆದರೆ ಪಟ್ಟಿಗಳು ಗಿಡ್ಡವಾಗಿ, ಒಂದು ಬದಿಯಲ್ಲಿ ಗೈಡಿನ ಹಳಿಯಿಂದ ಜಾರಿ ಹೊರಗೆ ಬಂದು, ಹಲ್ಲು ಬಿದ್ದ ಬಾಯಿಯಂತೆ ಜೋತುಬಿದ್ದವು. ಟೀಚರ್ ಹೊರಗೆ ಬಂದು ನೋಡಿದರು. ಆ ಕ್ಷಣದಲ್ಲಿ ಅಯ್ಯನ ಕಣ್ಣು ಅತ್ತಿತ್ತ ಹುಡುಕಿದ್ದನ್ನು ಹನಮೇಶ ನೋಡಿದ್ದ, ನೀರಿಗೆ ಬಿದ್ದವನು ಕೈಗೆ ಸಿಕ್ಕಿದ್ದನ್ನು ಹುಡುಕುವಂತೆ. ಸಿಕ್ಕವನು ಹನಮೇಶ. “ಏನ ಮಾಡೂದ್ರಿ ಅಕ್ಕಾರ, ಸಾಲಿ ಬಿಟ್ಟ ಹುಡುಗ್ರು. ಅಳತಿ ಹಿಡಿ ಅಂದ್ರ ಹಿಂಗ ಹಿಡೀತಾವ. ಹೌದಿಲ್ಲೋ?” ಆಗ ಹನಮೇಶ “ಹೂಂ” ಎಂದ. ಟೀಚರ್ ಬಯ್ಯಲಿಲ್ಲ, ಬೈದಿದ್ದರೆ ಬದುಕುತ್ತಿದ್ದ. “ಸಾಲಿ ಬಿಡಬಾರದಿತ್ತಪಾ ನೀ” ಎಂದು ಮರುಗಿ, ಒಳಗೆ ಹೋಗಿ ಒಗ್ಗರಣೆ ಅವಲಕ್ಕಿ ತಂದುಕೊಟ್ಟರು. ಅದನ್ನು ಅವನು ತಿಂದ. ರುಚಿಯಾಗಿತ್ತು. ಶೇಂಗಾ ಬಾಯಿಗೆ ಸಿಕ್ಕಾಗ ಸುಖವಾಗಿತ್ತು ಕೂಡ. ಆ ಸುಖವನ್ನು ನೆನೆದಾಗಲೆಲ್ಲ, ಈಗಲೂ, ಅವನಿಗೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ. ಟೀಚರ ಮನೆಗೆ ಬಂದು, ಅಳತೆ ಹುಡುಗನದಲ್ಲ ನನ್ನದು ಎಂದು ಅಯ್ಯ ಹೇಳಬೇಕು, ಇಲ್ಲದಿದ್ದರೆ ನಾಳೆಯಿಂದ ತಾನು ಬರುವುದಿಲ್ಲ. ಇದೇ ಆ ಮಾತು. ಇದನ್ನೇ ಅವನು ಮೆತ್ತಗೆ ಹೇಳಿದ್ದ, ಗಟ್ಟಿಯಾಗಿ ಹೇಳಿದ್ದ, ಒಮ್ಮೆ ಅತ್ತುಬಿಟ್ಟಿದ್ದ. ಒಮ್ಮೆಯಂತೂ ಏಕವಚನಕ್ಕಿಳಿದು, “ನಿನಗ ಕಣ್ಣ ಕಾಣಸೂದಿಲ್ಲೋ ಮುದುಕಾ, ಹುಬ್ಬಳ್ಳಿ ತುಂಬ ಹೇಳ್ಕೋತ ಹೋಗತೇನಿ, ನಿನ್ನ ಅಂಗಡಿಗೆ ನಾಯಿ ಸುದ್ದಾ ಬರಬಾರದು” ಎಂದಿದ್ದ. ಅದೂ ಆ ಡಬ್ಬಿಯಲ್ಲಿದೆ.

ನಲ್ಲಿಯ ಕೆಳಗೆ ಚಹದ ಗ್ಲಾಸು ತೊಳೆಯುತ್ತಿದ್ದ ಗುಲ್ಜಾರಬಿ ಅವನ ಮುಖ ನೋಡಿದಳು. ಶೆಡ್ಡು ಗುಡಿಸಿ, ಚಹ ಕಾಸಿ, ಎಲ್ಲರ ಸುಖದುಃಖದಲ್ಲಿ ಬಾಯಿ ಹಾಕುವ ಕೆಲಸ ಅವಳದು.

“ಯಾಕೋ ಬೇಟಾ, ರೊಟ್ಟಿ ಗಂಟಲಕ್ಕ ಸಿಕ್ಕೇತೇನು? ನೀರ ಕುಡಿ.”

“ಚಾಚಿ, ಅದು... ಒಳಗ... ದಿನಾ ಹಚ್ಚತಾರೇನು?”

“ಯಾವುದು? ನಿಂದಾ? ದಿನಾ ಊಟಕ್ಕ ಹೋಗೂಕಿಂತ ಮದಲ ಹಚ್ಚತಾರಲ್ಲ. ನೀ ಒಂದ ಅಂತಿ, ಅವರೊಂದ ಅಂತಾರ. ಮತ್ತ ಹಿಂದಕ್ಕ ತಂದು ಹಚ್ಚತಾರ, ಬ್ಯಾರೆ ಜವಾಬ ಕೊಡತಾರ. ನೀವಿಬ್ಬರೂ ಫೋನಿನ್ಯಾಗ ಮಾತಾಡತೀರಿ ಅಂತ ತಿಳಕೊಂಡಿದ್ದೆ ನಾ.”

“ನಾ ಇಲ್ಲೇ ನಿಮ್ಮ ಮುಂದ ಪಟ್ಟಿ ಕೊರಿಯಾಕತ್ತಿರತೇನಿ. ಫೋನಿನ್ಯಾಗ ಹೆಂಗ ಮಾತಾಡಲಿ?”

“ಅದನ್ನ ನಾನೂ ವಿಚಾರ ಮಾಡೇನಿ ಖರೇ” ಎಂದು ಗುಲ್ಜಾರಬಿ ಗ್ಲಾಸನ್ನು ಬೋರಲು ಹಾಕಿದಳು. “ಮತ್ತ ಅನ್ಕೊಂಡೆ, ಈಗಿನ ಕಾಲದಾಗ ಎದುರಿಗಿದ್ದರೂ ಮಂದಿ ಫೋನಿನ್ಯಾಗ ಮಾತಾಡತಾರ. ನಮ್ಮ ಸೊಸಿ ಅಡಗಿಮನ್ಯಾಗಿಂದ ಮಗಗ ಫೋನ್ ಮಾಡಿ ಉಪ್ಪ ತಾ ಅಂತಾಳ.”

“ನಕ್ಕಾರೇನು? ಅಯ್ಯಾರು?”

“ಇಲ್ಲಪಾ. ನಗೂ ಮುಖಾನ ಅದು?”

ಗುರುಸಿದ್ದಯ್ಯ ಆಫೀಸಿನಿಂದ ಹೊರಗೆ ಬಂದ. ಹಣೆಯ ವಿಭೂತಿ ಬೆವರಿಗೆ ಅಳಿಸಿತ್ತು. ಯಾರನ್ನೂ ನೋಡದೆ, ನೆಲದ ಮೇಲೆ ಬಿದ್ದ ತಂತಿಯನ್ನು ಕಾಲಿನಿಂದ ತಡವಿ ದಾಟಿ, ಹಿಂದಿನ ಓಣಿಯಲ್ಲಿರುವ ಮನೆಗೆ ಊಟಕ್ಕೆ ಹೋದ. ಆ ಬೆನ್ನನ್ನು ನೋಡುತ್ತ ಹನಮೇಶ ಎದ್ದ. ಕೈ ತೊಳೆಯಲಿಲ್ಲ, ಪ್ಯಾಂಟಿಗೆ ಒರೆಸಿಕೊಂಡ. ಎಲ್ಲ ಅಳಿಸಿಬಿಡಬೇಕು, ಈಗಲೇ. ಆಫೀಸು ಎಂದರೆ ತಗಡಿನ ಶೆಡ್ಡಿನ ಮೂಲೆಗೆ ಹಾರ್ಡಬೋರ್ಡು ಹೊಡೆದು ಮಾಡಿದ ಕೋಣೆ. ಅಮಾವಾಸ್ಯೆಯ ಪೂಜೆಗೆ ಕೊರೆಯುವ ಮಶೀನಿಗೆ ಹಚ್ಚಿದಂತೆ ಕಂಪ್ಯೂಟರಿನ ನೆತ್ತಿಗೂ ವಿಭೂತಿಯ ಮೂರು ಬೆರಳು ಎಳೆದಿದ್ದರು. ಪಕ್ಕದಲ್ಲಿ ಅಯ್ಯನ ಚಾಳೀಸು, ಕನ್ನಡಕವನ್ನೇ ಮರೆತು ಹೋಗಿದ್ದಾನೆ. ಹನಮೇಶ ಖುರ್ಚಿಯಲ್ಲಿ ಕೂತ. ಖುರ್ಚಿ ಇನ್ನೂ ಬೆಚ್ಚಗಿತ್ತು, ಅದು ಹೇಸಿಗೆ ಅನ್ನಿಸಿತು, ಆಮೇಲೆ ಹೇಸಿಗೆ ಅಲ್ಲ ಅನ್ನಿಸಿತು. ಪರದೆಯ ಮೇಲೆ ಅವನದೇ ಹೆಸರು, ಅವನದೇ ಸಣ್ಣ ಫೋಟೋ, ಅದರ ಕೆಳಗೆ ಹಸಿರು ಪಟ್ಟಿಗಳಾಗಿ ಅವನ ದನಿಗಳು ಒಂದರ ಕೆಳಗೊಂದು ಕೂತಿದ್ದವು. ಶೆಟರಿನ ಪಟ್ಟಿಗಳ ಹಾಗೆ. ಕೆಳಗೆ ಕೆಳಗೆ ಹೋದಂತೆ ಅವನಿಗೆ ಗೊಂದಲವಾಯಿತು. ಮೊನ್ನೆ ಸಂಜೆಯ ನಂತರವೂ ಪಟ್ಟಿಗಳಿದ್ದವು. ಫೋನು ಒಡೆದ ಮೇಲೆ ಅವನು ಕಳಿಸಿದ್ದು ಎಲ್ಲಿಂದ? ಅದೇ ಹಸಿರು, ಅದೇ ಬದಿ, ಅವನೇ ಅವನಿಗೆ ಕಳಿಸಿದಂತೆ. ಒಂದನ್ನು ಒತ್ತಿದ. ಫ್ಯಾನಿನ ಸದ್ದು. ಖುರ್ಚಿ ಕಿರುಗುಟ್ಟಿದ ಸದ್ದು. ಯಾರೋ ಗಂಟಲು ಸರಿಮಾಡಿಕೊಂಡರು, ಇನ್ನೇನು ಮಾತು ಬರುತ್ತದೆ ಎನ್ನುವಾಗ ಮುಗಿಯಿತು. ಇನ್ನೊಂದು ಒತ್ತಿದ. ಕೆಮ್ಮು. ಮತ್ತೊಂದರಲ್ಲಿ “ತಮ್ಮಾ” ಎಂಬ ಶಬ್ದ, ಅದರ ಹಿಂದೆ ಉದ್ದನೆಯ ಉಸಿರು, ಹೊರಗೆ ಕೊರೆಯುವ ಮಶೀನಿನ ಕಿರುಚಾಟ. ಆ ಮಶೀನಿನ ಮುಂದೆ ಆಗ ನಿಂತಿದ್ದವನು ತಾನೇ.

ಅವನ ಸಿಟ್ಟಿಗೆ ಕೂರಲು ಜಾಗ ಸಿಗದೆ ಹೋಯಿತು. ಮುದುಕ ಇಲ್ಲಿ ಕೂತು, ಆ ಬಯ್ಗುಳವನ್ನೂ ಕೇಳಿ, ತಿರುಗಿ ಬಯ್ಯದೆ, ಕೆಲಸದಿಂದ ತೆಗೆಯದೆ, ಈ ಗುಂಡಿ ಒತ್ತಿ ಹಿಡಿದು ಕೆಮ್ಮಿದ್ದಾನೆ. ಇವನು ಕೆರೆಯ ದಂಡೆಯಲ್ಲಿ, ಅವನು ಹಾರ್ಡಬೋರ್ಡಿನ ಕೋಣೆಯಲ್ಲಿ. ದಿನವಿಡೀ ಹತ್ತಿರ ಹತ್ತಿರ ನಿಂತು “ಪಟ್ಟಿ ತಾ”, “ತಂದೆ” ಎಂದಷ್ಟೇ ಅಂದುಕೊಂಡು ಇಬ್ಬರೂ ಇದೇ ಒಂದು ಜಾಗಕ್ಕೆ ಬಂದು ಮಾತು ಕಲಿಯುತ್ತಿದ್ದರು. ಸಾಲಿ ಬಿಟ್ಟ ದಿನ ನೆನಪಾಯಿತು, ಯಾಕೆ ಈಗ ನೆನಪಾಗಬೇಕೋ. ಮಾಸ್ತರರು ಬೋರ್ಡಿನ ಮುಂದೆ ನಿಲ್ಲಿಸಿ “ಬಾಯಿ ಬಿಡು” ಎಂದಿದ್ದರು. ಉತ್ತರ ಗೊತ್ತಿತ್ತು, ಬಾಯಿ ಬಿಡಲಿಲ್ಲ, ಚೀಲವನ್ನೂ ತೆಗೆದುಕೊಳ್ಳದೆ ಹೊರಟು ಬಂದ. ಸಿಟ್ಟು ಎಂದು ಎಲ್ಲರೂ ಅಂದರು, ಸಿಟ್ಟಿನ ಮನುಷ್ಯ ಎಂಬುದು ಹೆಸರಿನ ಜೊತೆ ಅಂಟಿಕೊಂಡಿತು, ಅವನೂ ಅದನ್ನು ಮೀಸೆಯಂತೆ ಬೆಳೆಸಿದ. ಅದು ಸಿಟ್ಟಾಗಿತ್ತೋ ಹೆದರಿಕೆಯಾಗಿತ್ತೋ, ಈಗ ಈ ಬೆಚ್ಚನೆಯ ಖುರ್ಚಿಯಲ್ಲಿ ಕೂತು ಖಾತ್ರಿಯಾಗಿ ಹೇಳಲಾರ.

ಮೂಲೆಯ ಚಕ್ರದ ಗುರುತು ಒತ್ತಿದ. ಇಂಗ್ಲಿಷಿನ ಸಾಲುಗಳು ಉದುರಿದವು. ಓದುವುದೆಂದರೆ ಅವನಿಗೆ ಅಕ್ಷರ ಅಕ್ಷರ ಹಿಡಿದು ಕಟ್ಟುವುದು, ಅಷ್ಟರಲ್ಲಿ ಯಾರಾದರೂ ಬಂದರೆ ಗತಿಯೇನು. ಎಲ್ಲಕ್ಕಿಂತ ಕೆಳಗೆ ಕೆಂಪಗೆ ಒಂದು ಸಾಲು, ಪಕ್ಕದಲ್ಲಿ ಬಾಗಿಲಿನ ಚಿತ್ರ, ಬಾಗಿಲಿನಿಂದ ಹೊರಗೆ ಹೋಗುವ ಬಾಣ. ಬಾಗಿಲು ಅವನಿಗೆ ಅರ್ಥವಾಗುತ್ತದೆ. ಒತ್ತಿದ. ಖರೇ ಹೋಗುತ್ತೀಯಾ ಎಂದು ಕೇಳುವಂಥ ಚೌಕವೊಂದು ಮೇಲೆ ಬಂದು ನಿಂತಿತು, ಎರಡು ಗುಂಡಿಗಳನ್ನು ಮುಂದೆ ಹಿಡಿದುಕೊಂಡು. ಅಲ್ಲಿ ಅವನ ಕೈ ನಿಂತಿತು. ಇದನ್ನು ಒತ್ತಿದರೆ ಇಬ್ಬರೂ ಪಾರು. ನಾಳೆ ಊಟದ ಹೊತ್ತಿಗೆ ಅಯ್ಯ ಬಂದು ನೋಡಿದರೆ ಇಲ್ಲಿ ಏನೂ ಇರುವುದಿಲ್ಲ, ಏನೂ ಇರಲೇ ಇಲ್ಲ ಎಂಬಂತೆ ಚಹ ಕುಡಿಯುತ್ತಾನೆ, ಇವನು ಪಟ್ಟಿ ಕೊರೆಯುತ್ತಾನೆ. ಟೀಚರ ಮನೆಯ ಅವಲಕ್ಕಿ ಹೊಟ್ಟೆಯೊಳಗೆ ಹಾಗೇ ಕೂತಿರುತ್ತದೆ, ಸಾಯುವವರೆಗೆ. ಒತ್ತದಿದ್ದರೆ ನಾಳೆಯೂ ಮುದುಕ ಕೆಮ್ಮುತ್ತಾನೆ, ಇವನು ಹೊಸ ಫೋನು ಕೊಂಡು ಇನ್ನೊಂದು ಸಲ ಸಿಟ್ಟಾಗಬೇಡಿರಿ ಎನ್ನುತ್ತಾನೆ, ಇಬ್ಬರ ಮಾತೂ ಮುಪ್ಪಾಗುತ್ತದೆ. ಎರಡೂ ಗುಂಡಿಗಳ ಮೇಲೆ ಅವನಿಗೆ ಒಂದೇ ಸಮನೆ ಸಿಟ್ಟು ಬಂತು. ಮೂರನೆಯದೊಂದು ಗುಂಡಿ ಆ ಚೌಕದಲ್ಲಿ ಇರಲಿಲ್ಲ. ಇರಲು ಸಾಧ್ಯವೂ ಇರಲಿಲ್ಲ, ಅದು ಗಂಟಲಿನಲ್ಲಿರುವಂಥದ್ದು. ಕೆಂಪನ್ನು ಒತ್ತಿಬಿಟ್ಟ. ಹಸಿರು ಪಟ್ಟಿಗಳೆಲ್ಲ ಒಮ್ಮೆಗೇ ಹೋದವು. ಅದೇ ಹಳೆಯ ಚೌಕ ಬಂದು ಕೂತಿತು, ಯಾರ ಫೋನಿಗೋ ಕಾಯುತ್ತ.

ಬಾಗಿಲು ಸರಿಯಿತು. ಚಾಳೀಸಿಗಾಗಿ ಹಿಂದೆ ಬಂದ ಗುರುಸಿದ್ದಯ್ಯ ಹೊಸ್ತಿಲಲ್ಲಿ ನಿಂತು ಕಣ್ಣು ಕಿರಿದು ಮಾಡಿದ.

“ಯಾರದು, ರಾಜೇಶ್ವರೀನಾ? ಮಧ್ಯಾಹ್ನದಾಗ ಯಾಕ ಬಂದ್ಯವಾ?”

ಸುಮ್ಮನೆ ಎದ್ದು ಪಕ್ಕದಿಂದ ಜಾರಬಹುದಾಗಿತ್ತು. ಅಯ್ಯನ ಕಣ್ಣಿಗೆ ಅವನೊಂದು ನೆರಳು ಅಷ್ಟೇ. ಹನಮೇಶನ ಕಾಲುಗಳು ಅದಕ್ಕೆ ತಯಾರಾಗಿಯೂ ಇದ್ದವು.

“ಅಯ್ಯಾರ, ನಿಮಗ ಒಂದ ಮಾತ ಹೇಳೂದೈತ್ರಿ” ಎಂದ.

ಗುರುಸಿದ್ದಯ್ಯ ಗಾಬರಿಯಾಗಿ ಕಂಪ್ಯೂಟರಿನ ಕಡೆ ಕೈ ಚಾಚಿದ. “ಅಯ್ಯೋ, ಬಂದ್ ಮಾಡವಾ ಅದನ್ನ, ತಾನ ಹತ್ತೇತಿ ನೋಡು” ಎಂದು ತಡವಿದ. ಅವನ ಕೈ ಪರದೆಗೆ ತಾಗುವ ಬದಲು ಹನಮೇಶನ ಭುಜಕ್ಕೆ ತಾಗಿ, ಅಲ್ಲೇ ನಿಂತಿತು. ಅಂಗಿಯ ಮೇಲಿನ ಕಬ್ಬಿಣದ ಪುಡಿಯನ್ನು ಬೆರಳುಗಳು ಗುರುತು ಹಿಡಿದವು.

“ನೀನ ಏನು?” ಎಂದ ಕಡೆಗೆ.

“ನಾನ ರಿ.”

“ಅದರಾಗಿಂದು?”

“ತಗದೇನ್ರಿ. ಈಗ ಅದರಾಗ ಏನೂ ಇಲ್ಲ.”

ಅಯ್ಯ ಕೈ ಹಿಂದೆ ತೆಗೆದುಕೊಂಡು, ಗಿರಾಕಿಗಳು ಕೂರುವ ಸ್ಟೂಲಿನ ಮೇಲೆ ಕೂತ. ತನ್ನ ಖುರ್ಚಿಯಲ್ಲಿ ಇವನು ಕೂತಿದ್ದು ಅವನಿಗೆ ನೆನಪಾಗಲಿಲ್ಲವೋ, ನೆನಪಾಗಿಯೂ ಬಿಟ್ಟನೋ. “ಸಿಟ್ಟಾಗಬ್ಯಾಡ್ರಿ ತನಕಾ ನನಗ ಬಾಯಿಪಾಠ ಆಗೇತಿ. ಮುಂದಿಂದು ಹೇಳು.”

ಮುಂದಿನದು ಬರಲಿಲ್ಲ. ತಿದ್ದಿದ್ದು, ಮೆತ್ತಗೆ ಮಾಡಿದ್ದು, ಏಕವಚನದ್ದು, ಎಲ್ಲವೂ ಹಸಿರು ಪಟ್ಟಿಗಳ ಜೊತೆ ಹೊರಟುಹೋಗಿದ್ದವು. ಹನಮೇಶ ತನ್ನ ಉಗುರು ನೋಡಿದ. ಕೈಗೆ ರೊಟ್ಟಿಯ ಹಿಟ್ಟು ಅಂಟಿತ್ತು. “ಅವತ್ತ ನಾ ಹೂಂ ಅಂದೆ. ಅದು ಸುಳ್ಳ್ರಿ. ನಾ ಅನಬಾರದಿತ್ತು” ಎಂದ. ಇದನ್ನು ಅವನು ಒಂದು ಸಲವೂ ಕಲಿತಿರಲಿಲ್ಲ. ಇದು ಎಲ್ಲಿತ್ತೋ.

“ನಾ ಅನ್ನಿಸಿದೆ. ನೀ ಏನ ಮಾಡತಿ” ಎಂದ ಅಯ್ಯ.

“ಆ ಬಯ್ದದ್ದು... ಕಣ್ಣಿಂದು...”

“ಅದು ಖರೇನ ಐತಲ್ಲ. ಪೊರಿ ಬಂದೈತಿ. ಟೇಪಿನ ಅಂಕಿ ಇರಬಿ ಸಾಲಿನಂಗ ಕಾಣತಾವ. ಡಾಕ್ಟರು ಕೊಯ್ಯೂಣು ಅಂದ, ನಾ ಚಪ್ಪಲ್ ಸುದ್ದಾ ಹಾಕ್ಕೊಳ್ಳದ ಓಡಿ ಬಂದೇನಿ.” ಚಾಳೀಸನ್ನು ತಡವಿ ತೆಗೆದುಕೊಂಡು, “ಮಂದಿಗೆ ಗೊತ್ತಾದ್ರ ಅಳತಿಗೆ ಯಾರ ಕರೀತಾರೋ? ಅದಕ್ಕ ನಿನ್ನ ಮ್ಯಾಲ ಹಾಕಿದೆ. ನೀ ಸಣ್ಣಾಂವ, ಮರೀತಿ ಅಂತ.”

“ಮರೀಲಿಲ್ರಿ.”

“ಕೇಳೇನಲ್ಲ, ದಿನಾ.”

“ಟೀಚರ ಮನಿಗೆ ಬಂದು ಹೇಳ್ರಿ. ಇಲ್ಲಾಂದ್ರ ನಾ ನಾಳಿಂದ ಬರಂಗಿಲ್ಲ.” ಹೇಳಿಯಾಯಿತು. ಇಷ್ಟೇನಾ ಎಂದು ಅವನಿಗೇ ಆಶ್ಚರ್ಯವಾಯಿತು. ಗಾಳಿಯಲ್ಲಿ ಆ ಮಾತು ಅವನು ನೆನೆಸಿದ್ದಕ್ಕಿಂತ ಬಹಳ ಚಿಕ್ಕದಾಗಿ ಕೇಳಿತು, ಹೊರಗೆ ಗುಲ್ಜಾರಬಿಯ ಗ್ಲಾಸುಗಳ ಸದ್ದಿಗಿಂತಲೂ ಚಿಕ್ಕದಾಗಿ. ಆದರೆ ಅಯ್ಯ ಅದನ್ನು ಇಡಿಯಾಗಿ ತೆಗೆದುಕೊಂಡದ್ದು ಮುಖದಲ್ಲಿ ಕಂಡಿತು.

“ಊಟಾ ಮಾಡಿ ಹೋಗೂಣೇನು?”

“ಊಟಾ ಆಮ್ಯಾಲ್ರಿ. ಉಂಡ್ರ ನಿಮಗ ನಿದ್ದಿ ಬರತೈತಿ.”

“ಶಾಣ್ಯಾ ಅದಿ. ನೀನ ಗಾಡಿ ಹೊಡಿ. ಒಂದ ಮಾತ, ನಾ ಹೇಳೂ ಮುಂದ ಬಾಜೂಕ ನಿಂದರಬೇಕ ನೀ. ನನಗ ಒಬ್ಬಗ ಆಗೂದಿಲ್ಲ. ಆ ಡಬ್ಬಿ ಮುಂದನ ಆಗಿಲ್ಲ.”

ಸ್ಕೂಟರು ವಿದ್ಯಾನಗರ ದಾಟಿತು. ಹಿಂದೆ ಕೂತವನ ಮೊಣಕಾಲು ಇವನ ಸೊಂಟಕ್ಕೆ ತಾಗುತ್ತಿತ್ತು. ಈ ಮೊದಲು ಇಷ್ಟು ವರ್ಷದಲ್ಲಿ ಹಿಂದೆ ಕೂರುತ್ತಿದ್ದವನು ಹನಮೇಶ, ಕೈಯಲ್ಲಿ ಪಟ್ಟಿಗಳನ್ನೋ ಡ್ರಿಲ್ಲಿನ ಪೆಟ್ಟಿಗೆಯನ್ನೋ ಹಿಡಿದು. ರಸ್ತೆ ಅವನಿಗೆ ಬೇರೆ ಥರ ಕಾಣಿಸಿತು, ಅಗಲವಾಗಿ, ಬಿಸಿಲು ನೇರ ಮುಖಕ್ಕೆ ಹೊಡೆದರೂ. ಎಡಬಲದಲ್ಲಿ ಅಂಗಡಿಗಳ ಶೆಟರುಗಳು ಅರ್ಧ ಏರಿ ಅರ್ಧ ಇಳಿದು ಮಧ್ಯಾಹ್ನದ ತೂಕಡಿಕೆಯಲ್ಲಿದ್ದವು. ಟೀಚರ್ ಬಾಗಿಲು ತೆರೆಯದೆ ಹೋದರೆ? ಅಯ್ಯ ಅಲ್ಲಿ ನಿಂತು ಬರೀ ಕೆಮ್ಮಿದರೆ? ಮತ್ತೆ ಅವಲಕ್ಕಿ ಕೊಟ್ಟರೆ? ಕೊಟ್ಟರೆ ತಿನ್ನುವುದು ಎಂದು ಅವನು ನಿಶ್ಚಯಿಸಿದ, ಈ ಸಲ ಎರಡನೇ ಸಲ ಹಾಕಿಸಿಕೊಂಡು ತಿನ್ನುವುದು. ಬೆನ್ನ ಹಿಂದೆ ಗಂಟಲು ಸರಿಮಾಡಿಕೊಳ್ಳುವ ಸದ್ದಾಯಿತು.

“ತಮ್ಮಾ, ಹೆಂಗ ಸುರು ಮಾಡ್ಲಿ? ಅಕ್ಕಾರ, ಆರಾಮ ಇದ್ದೀರಿ ಅಂತ ಕೇಳಿ...”

“ಆರಾಮ ಗೀರಾಮ ಬ್ಯಾಡ್ರಿ. ಅದರಾಗ ಮಾತು ಸುತ್ತಿ ಹೋಕ್ಕೈತಿ. ನೆಟ್ಟಗ ಅಳತಿಗೆ ಬರ್ರಿ.”

“ಅಕ್ಕಾರ, ಅವತ್ತ ಅಳತಿ...” ಬಸ್ಸೊಂದು ಪಕ್ಕದ ದಾರಿಯಲ್ಲಿ ಹಾದುಹೋಯಿತು.

“ಕೇಳವಲ್ದ್ರಿ. ಜೋರ ಹೇಳ್ರಿ.”

ಉಣಕಲ್ಲಿನ ಸಿಗ್ನಲ್ಲಿಗೆ ದೀಪ ಕೆಂಪಾಯಿತು. ಹನಮೇಶ ಬ್ರೇಕು ಹಾಕಿ, ಪೆಟ್ರೋಲು ಉಳಿಯಲೆಂದು ಅಭ್ಯಾಸಬಲದಿಂದ ಗಾಡಿ ಬಂದ್ ಮಾಡಿದ. ಪಕ್ಕದ ಆಟೋದವನೂ ಮಾಡಿದ್ದ, ಅದರಾಚೆಯ ಕಾರಿನವನೂ. ಸುತ್ತ ಒಮ್ಮೆಗೇ ನಿಶ್ಶಬ್ದವಾಯಿತು. ಕಣ್ಣು ಮುಚ್ಚಿಕೊಂಡು ಉಸಿರು ತುಂಬಿಕೊಂಡಿದ್ದ ಗುರುಸಿದ್ದಯ್ಯನಿಗೆ ಅದು ಗೊತ್ತಾಗುವಂತಿರಲಿಲ್ಲ. ಅವನು ಇಡೀ ಚೌಕಕ್ಕೆ ಕೇಳುವಂತೆ ಕೂಗಿದ.

“ಅಕ್ಕಾರ, ಅಳತಿ ತಪ್ಪಿದ್ದು ನಂದ್ರಿ. ನನಗ ಕಣ್ಣ ಕಾಣಸೂದಿಲ್ಲ. ಹುಡುಗಂದು ಏನೂ ತಪ್ಪಿಲ್ಲ.”

ಹೂವಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಕೂತಿದ್ದ ಹೆಂಗಸು ಹೊರಗೆ ಬಾಗಿ ನೋಡಿದಳು. ಆಟೋದವನು ಕನ್ನಡಿ ಸರಿಮಾಡಿಕೊಂಡ. ಕಾರಿನ ಕಿಟಕಿಯೊಂದು ಇಳಿಯಿತು. ಹನಮೇಶ ಮುಂದಿನ ದೀಪವನ್ನೇ ದಿಟ್ಟಿಸಿದ. ಕಿವಿ ಬಿಸಿಯಾಗಿದ್ದವು, ಒಳಗೆಲ್ಲೋ ನಗು ಹೊರಬರಲು ದಾರಿ ಹುಡುಕುತ್ತಿತ್ತು.

“ಯಾವ ಹುಡುಗರೀ ಅಜ್ಜಾರ?” ಎಂದು ಕೇಳಿದಳು ಹೂವಿನವಳು, ನಡುರಸ್ತೆಯಲ್ಲಿ ಇಂಥದೊಂದು ಮಾತು ಕಿವಿಗೆ ಬಿದ್ದ ಮೇಲೆ ಪೂರ್ತಿ ಕೇಳದೆ ಬಿಡುವುದು ಹೇಗೆ ಎಂಬಂತೆ.

ಗುರುಸಿದ್ದಯ್ಯ ಕಣ್ಣು ತೆರೆದ. ಕಂಡದ್ದು ಏನೋ, ಬಣ್ಣದ ಒಂದು ಗುಪ್ಪೆ ಇರಬೇಕು, ಅದರ ಕಡೆಗೇ ಮುಖ ಮಾಡಿ, ಮುಂದೆ ಕೂತವನ ಬೆನ್ನಿಗೆ ಅಂಗೈಯಿಂದ ತಟ್ಟಿದ.

“ಇಂವ ನೋಡವಾ. ನಮ್ಮ ಹನಮೇಶ.”

ದೀಪ ಹಸಿರಾಗಿತ್ತು. ಹಿಂದಿನವರು ಹಾರ್ನು ಹೊಡೆಯತೊಡಗಿದರು. ಹನಮೇಶನಿಗೆ ನಗು ತಡೆಯಲಾಗದೆ, ಕಿಕ್ಕಿಗೆ ಕಾಲು ಸಿಗದೆ, ಗಾಡಿ ಚಾಲೂ ಆಗಲು ಬಹಳ ಹೊತ್ತು ಹಿಡಿಯಿತು.